ಒಂದು ‘ಲ’ ನುಂಗಿದ ಕತೆ

ನಾನಿರುವುದು ನಾರ್ವೆಯಲ್ಲಿ. ಮಂಗಳವಾರ ಸಂಜೆ ಕೆಳಮನೆಯ ಅಜ್ಜಿ ಮೆಟ್ಟಿಲಲ್ಲೇ ನಿಲ್ಲಿಸಿ ಕೇಳಿದರು. “ಐಯೆರ್ ದು, ಎಲ್ಲೆರ್ ಲೈಯೆರ್ ದು?” ಮನೆ ಸ್ವಂತದ್ದೋ, ಬಾಡಿಗೆಯದೋ ಅಂತ. ನನ್ನದು ಬಾಡಿಗೆ. ಬಾಯಿಂದ ಬಂದದ್ದು ಮಾತ್ರ “ಐಯೆರ್”. ‘ಲ’ ಗಂಟಲಲ್ಲೇ ಇಳಿದುಹೋಗಿತ್ತು. ಅಜ್ಜಿಯ ಮುಖ ಅರಳಿತು.

ನಾರ್ವೇಜಿಯನ್ನಿನಲ್ಲಿ ‘ಐಯೆ’ ಅಂದರೆ ಸ್ವಂತದ್ದಾಗಿರುವುದು, ‘ಲೈಯೆ’ ಅಂದರೆ ಬಾಡಿಗೆಗೆ ಹಿಡಿಯುವುದು. ಇಷ್ಟು ದೊಡ್ಡ ವ್ಯತ್ಯಾಸವನ್ನು ಒಂದೇ ಅಕ್ಷರಕ್ಕೆ ನೇತುಹಾಕಿದ ಪುಣ್ಯಾತ್ಮ ಯಾರೋ! ಇಲ್ಲಿ ನೂರಕ್ಕೆ ಸುಮಾರು 80 ಜನ ಸ್ವಂತ ಮನೆಯವರೇ. ಅವರಿಗೇನು, ‘ಲ’ದ ಚಿಂತೆ ಇಲ್ಲ.

ಗುರುವಾರ ಬಾಗಿಲಲ್ಲಿ ಅಜ್ಜಿಯ ಚೀಟಿ. ಕಟ್ಟಡದ ಸಂಘದ ಮಂಡಳಿಗೆ ನನ್ನ ಹೆಸರು ಸೂಚಿಸಲೇ ಅಂತ. ನನಗೆ ಬೆವರು. ಅಜ್ಜಿ ಬೇರೆ ಬಲು ಶಿಸ್ತಿನವರು, ಕಸದ ಚೀಲದ ಬಣ್ಣ ತಪ್ಪಿದರೂ ಬಿಡುವವರಲ್ಲ.

ತಪ್ಪೊಪ್ಪಿಕೊಳ್ಳಲು ಪದ ಹುಡುಕುತ್ತಾ ನಿಘಂಟು ಹಿಡಿದು ಕೂತೆ. ಇಂಗ್ಲಿಷಿನಲ್ಲಾದರೆ ‘ಓನ್’ ಒಂದೇ ಸಾಕು. ಮನೆಯನ್ನೂ ಓನ್ ಮಾಡಬಹುದು, ಪಕ್ಕಕ್ಕೆ ‘ಅಪ್’ ಇಟ್ಟರೆ ತಪ್ಪನ್ನೂ ಒಪ್ಪಬಹುದು. ಇವರಿಗೆ ತಪ್ಪೊಪ್ಪಿಗೆಗೆ ಬೇರೆಯೇ ಪದ, ‘ಇನ್‌ರೊಮ್ಮೆ’. ಅಲ್ಲೇ ‘ಐಯೆ’ ಕೆಳಗೆ ಇನ್ನೊಂದು ಸಿಕ್ಕಿತು: ‘ಐಯೆರ್ ಇಕ್ಕೆ ಸ್ಕಾಮ್’. ನಾಚಿಕೆಯೇ ಇಲ್ಲದವನು ಅಂತ. ನನಗೇ ಬರೆದಿಟ್ಟಂತಿತ್ತು.

ನಮ್ಮಲ್ಲಿ ಈ ಕ್ರಿಯಾಪದದ ತಾಪತ್ರಯವೇ ಇಲ್ಲ ನೋಡಿ. ನನಗೆ ಇಬ್ಬರು ತಂಗಿಯರಿದ್ದಾರೆ. ನನ್ನ ಹತ್ರ ಸೈಕಲ್ ಇದೆ. ಆ ಮನೆ ನಮ್ಮದು. ನಾವು ಏನನ್ನೂ ಮಾಡುವುದಿಲ್ಲ, ಅವು ಸುಮ್ನೆ ಇರುತ್ತವೆ. ‘ಹೊಂದಿರುತ್ತೇನೆ’ ಅನ್ನುವುದು ಅರ್ಜಿ ಬರೆಯುವಾಗ ಮಾತ್ರ. ಹಾಗಾಗಿ ನಾಲಿಗೆ ತಡವರಿಸಿತು ಅಂತ ಸಮಾಧಾನ ಮಾಡಿಕೊಂಡೆ. ಆದರೆ ಪ್ರತಿ ಭಾನುವಾರ ಅಮ್ಮ ಫೋನಿನಲ್ಲಿ “ಸ್ವಂತ ಮನೆ ಯಾವಾಗೋ?” ಅಂತಾಳೆ. ಆ ‘ಲ’ವನ್ನು ನಾಲಿಗೆಯೇ ನುಂಗಿತೋ, ಆಸೆ ನುಂಗಿತೋ. ಅಜ್ಜಿಯ ಮುಖ ಅರಳಿದ್ದನ್ನು ನೋಡಿ ತಕ್ಷಣ ತಿದ್ದಬಹುದಿತ್ತು. ತಿದ್ದಲಿಲ್ಲ, ಅಲ್ವಾ?

ಶುಕ್ರವಾರ ಹೋಗಿ ಹೇಳಿದೆ. ಅಜ್ಜಿ ಕಾಫಿ ಸುರಿಯುತ್ತಾ ನಕ್ಕುಬಿಟ್ಟರು. ತಮಗೂ ಈ ಮನೆ ಪೂರ್ತಿ ಸ್ವಂತವಲ್ಲವಂತೆ. ಇದು ‘ಬೂರೆಟ್ಸ್‌ಲಾಗ್’, ಕಟ್ಟಡವೆಲ್ಲ ಸಂಘದ್ದು. ಅವರದ್ದು ಅದರಲ್ಲೊಂದು ಪಾಲು, ಜೊತೆಗೆ ಈ ಮನೆಯಲ್ಲಿ ವಾಸಿಸುವ ಹಕ್ಕು. “ಆದರೂ ಐಯೆರ್ ಅಂತಲೇ ಹೇಳುತ್ತೇನೆ” ಅಂದರು. ಕೈಯಲ್ಲಿ ಬಿಡಿಗಾಸಿಲ್ಲದವನಿಗೆ ಇಲ್ಲಿಯವರು ‘ಗೋಡೆಯ ಸೂಜಿಯೂ ಸ್ವಂತದ್ದಲ್ಲ’ ಅನ್ನುತ್ತಾರಂತೆ. ನನ್ನ ಮಟ್ಟಿಗೆ ಅದು ಅಕ್ಷರಶಃ ನಿಜ. ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆಯಲೂ ಮಾಲೀಕರಿಗೆ ಮೆಸೇಜ್ ಹಾಕಬೇಕು.

ಈಗ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಅಜ್ಜಿ ಹುಬ್ಬೇರಿಸಿ “ಐಯೆರ್?” ಅನ್ನುತ್ತಾರೆ. ನಾನು ನಾಲಿಗೆಯನ್ನು ಹಲ್ಲಿಗೆ ಒತ್ತಿ ಹಿಡಿದು “ಲ್‌ಲ್‌ಲೈಯೆರ್” ಅನ್ನುತ್ತೇನೆ.