ಕಾಫಿ ಕಣಕ್ಕೊಂದು, ಟಾರ್ ರಸ್ತೆಗೊಂದು: ಎರಡು ಬೋರ್ಡ್ ಕಟ್ಟುವ ಕೆಲಸ ಎಲ್ಲಿಗೆ ಬಂತು

ಸೆಪ್ಟೆಂಬರ್, ಕೈಲ್‌ಪೋಳ್ದ್ ಹಬ್ಬ ಆದ ಮೇಲೆ

ಈ ಸಲ ಎರಡು ಸ್ಕೇಟ್‌ಬೋರ್ಡ್ ಒಟ್ಟಿಗೆ ಕಟ್ಟುತ್ತಿದ್ದೇನೆ. ಒಂದು ಎಂಬತ್ತರ ದಶಕದ ಆಕಾರದ್ದು. 10 ಇಂಚು ಅಗಲ, ಮುಂದೆ ಗಿಡ್ಡ ನೋಸ್, ಹಿಂದೆ ದೊಡ್ಡ ಟೇಲ್. ಇನ್ನೊಂದು ಕ್ರೂಸರ್, ಅಂದರೆ ರಸ್ತೆಯಲ್ಲಿ ಆರಾಮಾಗಿ ಓಡಾಡುವ ಬೋರ್ಡ್, ಕುಶಾಲನಗರದಲ್ಲಿರುವ ಅಕ್ಕನ ಮಗಳಿಗೆ. ಮೊದಲನೆಯದು ಓಡಬೇಕಾದದ್ದು ನಮ್ಮ ಕಾಫಿ ಕಣದಲ್ಲಿ. ಎರಡನೆಯದು ಅವಳ ಬಡಾವಣೆಯ ಟಾರ್ ರಸ್ತೆಯಲ್ಲಿ.

ಕಾಫಿ ಕಣ ನೋಡದವರಿಗೆ ಒಂದು ಮಾತು. ಹಣ್ಣು ಒಣಗಿಸೋಕೆ ಹಾಕಿಸಿದ ಸಿಮೆಂಟಿನ ಅಂಗಳ ಅದು. ನೀರು ನಿಲ್ಲಬಾರದು ಅಂತ ಒಂದು ಕಡೆಗೆ ಸ್ವಲ್ಪ ವಾಟ ಕೊಟ್ಟಿರುತ್ತಾರೆ. ಬೋರ್ಡ್ ಓಡಿಸೋಕೆ ಇದಕ್ಕಿಂತ ಒಳ್ಳೆ ಜಾಗ ಕೊಡಗಿನಲ್ಲಿ ನಾನು ಕಂಡಿಲ್ಲ. ಆದರೆ ವರ್ಷವಿಡೀ ಅದು ನಮ್ಮ ಕೈಗೆ ಸಿಗೋದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತದೆ. ಅರೇಬಿಕಾ ಕೊಯ್ಲು ಶುರುವಾದರೆ ರೊಬಸ್ಟಾ ಚೀಲ ಸೇರುವವರೆಗೆ ಕಣ ಪೂರ್ತಿ ಕಾಫಿಯದು. ಉಳಿಯೋದು ಮಳೆ ನಿಂತ ಮೇಲಿನ ಕೆಲವು ವಾರ, ಆಮೇಲೆ ಬೇಸಿಗೆ. ಅಷ್ಟರೊಳಗೆ ಬೋರ್ಡ್ ತಯಾರಾಗಬೇಕು.

ಬೋರ್ಡ್ ಕಟ್ಟುವಾಗ ಜಾಸ್ತಿ ಜನ ಡೆಕ್‌ನಿಂದ, ಅಂದರೆ ಮೇಲೆ ನಿಲ್ಲುವ ಹಲಗೆಯಿಂದ, ಶುರು ಮಾಡುತ್ತಾರೆ. ಚಿತ್ರ ಚೆನ್ನಾಗಿದೆ, ಆಕಾರ ಚೆನ್ನಾಗಿದೆ ಅಂತ. ನಾನು ವೀಲ್‌ನಿಂದ ಶುರು ಮಾಡುತ್ತೇನೆ. ನೆಲಕ್ಕೆ ತಾಗುವುದು ಅದೊಂದೇ ಅಲ್ವಾ? ವೀಲ್ ಯಾವುದು ಅಂತ ಗೊತ್ತಾದರೆ ವೀಲ್ ತಾಗದ ಹಾಗೆ ಡೆಕ್ ಎತ್ತರಿಸುವ ರೈಸರ್ ಎಷ್ಟು ದಪ್ಪ ಬೇಕು, ಬೋಲ್ಟ್ ಎಷ್ಟು ಉದ್ದ ಬೇಕು ಅನ್ನೋದು ತಾನಾಗಿ ತಿಳಿಯುತ್ತದೆ. ಕೊಡಗಿನ ನೆಲಕ್ಕಂತೂ ಇದೇ ಸರಿಯಾದ ದಾರಿ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ವೀಲ್ ಮೇಲೆ ಎರಡು ಅಂಕಿ ಇರುತ್ತವೆ. ಒಂದು ಅಡ್ಡಳತೆ, ಮಿಲಿಮೀಟರಿನಲ್ಲಿ. ಇನ್ನೊಂದು ಗಡಸುತನ, ‘ಎ’ ಅಳತೆಯಲ್ಲಿ. 52 ಮಿ.ಮೀ., 99ಎ ಅಂದರೆ ಸಣ್ಣ, ಗಟ್ಟಿ ವೀಲ್. ನುಣುಪಾದ ಪಾರ್ಕಿಗೆ, ಟ್ರಿಕ್ ಮಾಡುವವರಿಗೆ ಅದು ಸರಿ. 60ರಿಂದ 65 ಮಿ.ಮೀ., 78ಎ ಅಂದರೆ ದೊಡ್ಡ, ಮೆತ್ತನೆ ವೀಲ್. ಕ್ರೂಸರ್‌ಗೆ ಹಾಕುವುದು ಇದನ್ನೇ. ನಮ್ಮ ರಸ್ತೆಗಳಲ್ಲಿ ಮಳೆ ಮುಗಿಯುವ ಹೊತ್ತಿಗೆ ಟಾರ್ ತೊಳೆದು ಹೋಗಿ ಜಲ್ಲಿ ಎದ್ದಿರುತ್ತದೆ. ಗಟ್ಟಿ ವೀಲ್‌ಗೆ ಅಂಥ ಒಂದು ಚೂರು ಸಿಕ್ಕರೆ ಬೋರ್ಡ್ ಅಲ್ಲೇ ನಿಲ್ಲುತ್ತದೆ, ಮೇಲಿದ್ದವರು ಮುಂದಕ್ಕೆ ಬೀಳುತ್ತಾರೆ. ಮೆತ್ತನೆ ವೀಲ್ ಕಲ್ಲಿನ ಸುತ್ತ ಒತ್ತಿಕೊಂಡು ದಾಟಿ ಹೋಗುತ್ತದೆ. ಅಮೆರಿಕದಲ್ಲೂ ಮೊದಲು ಇದೇ ತೊಂದರೆ ಇತ್ತು. ಅರವತ್ತರ ದಶಕದ ಬೋರ್ಡ್‌ಗಳಿಗೆ ಇದ್ದದ್ದು ಲೋಹದ ವೀಲ್, ಇಲ್ಲವೇ ಜೇಡಿಮಣ್ಣು ಬೆರೆತ ಗಟ್ಟಿ ಕ್ಲೇ ವೀಲ್. 1970ರ ದಶಕದ ಶುರುವಿನಲ್ಲಿ ಫ್ರಾಂಕ್ ನಾಸ್ವರ್ದಿ ಯುರೆಥೇನ್ ಅನ್ನೋ ಪ್ಲಾಸ್ಟಿಕ್ಕಿನ ವೀಲ್ ತಂದ ಮೇಲೆ ಜನ ಬೀದಿಯಲ್ಲಿ ನಂಬಿ ಓಡಿಸತೊಡಗಿದರು. ಆ ಒಂದು ಬದಲಾವಣೆ ಇಲ್ಲದಿದ್ದರೆ ಈ ಆಟ ಅಲ್ಲಿಗೇ ನಿಂತುಬಿಡುತ್ತಿತ್ತು ಅಂತ ನನಗನ್ನಿಸುತ್ತದೆ.

ಹಾಗಾಗಿ ಕ್ರೂಸರ್‌ಗೆ 62 ಮಿ.ಮೀ., 78ಎ. ಕಣದ ಬೋರ್ಡ್‌ಗೆ 60 ಮಿ.ಮೀ., 90ಎ. ಕಣದ ಸಿಮೆಂಟ್ ಪಾರ್ಕಿನಷ್ಟು ನುಣುಪಿಲ್ಲ, ರಸ್ತೆಯಷ್ಟು ಒರಟೂ ಅಲ್ಲ. 78ಎ ಹಾಕಿದರೆ ತಿರುಗಿಸುವಾಗ ಹಿಂದಿನ ವೀಲ್ ಜಾರೋದಿಲ್ಲ, ಕಚ್ಚಿಕೊಳ್ಳುತ್ತದೆ. ಹಳೇ ಶೈಲಿಯ ಬೋರ್ಡಿನ ಸುಖ ಇರೋದೇ ಆ ಜಾರುವಿಕೆಯಲ್ಲಿ.

ಅಕ್ಟೋಬರ್

ದೊಡ್ಡ ಬೋರ್ಡಿಗೆ ಅಗಲದ ಟ್ರಕ್ ಬೇಕು. ಟ್ರಕ್ ಅಂದರೆ ಡೆಕ್ ಕೆಳಗೆ ವೀಲ್ ಹಿಡಿಯುವ ಲೋಹದ ಭಾಗ, ಆಕ್ಸಲ್ ಅದರಲ್ಲಿ ವೀಲ್ ಕೂರುವ ಸರಳು. ಬದಲಾಯಿಸಿಕೊಳ್ಳಲು ನನ್ನ ಹತ್ತಿರ ಇದ್ದದ್ದು ಇಷ್ಟು. 8 ಇಂಚು ಆಕ್ಸಲ್‌ನ ಟ್ರಕ್ ಒಂದು ಜೊತೆ. 52 ಮಿ.ಮೀ. ಗಟ್ಟಿ ವೀಲ್ ಒಂದು ಸೆಟ್, ಇನ್ನೂ ಚೆನ್ನಾಗಿರುವುದು. ಎರಡೂ ನನಗೆ ಇಲ್ಲಿ ಕೆಲಸಕ್ಕೆ ಬಾರದವು. ಮೈಸೂರಿನ ಗೆಳೆಯನೊಬ್ಬನಿಗೆ ಬೇಕಾಗಿದ್ದದ್ದು ಸರಿಯಾಗಿ ಇವೇ. ಅವನ ಮನೆಯಲ್ಲಿ ಅಗಲದ ಟ್ರಕ್ ಒಂದು ಜೊತೆ ಸುಮ್ನೆ ಕೂತಿತ್ತು.

ಇಂಡಿಪೆಂಡೆಂಟ್ ಕಂಪನಿಯ ಟ್ರಕ್‌ಗಳಿಗೆ 139, 149, 159, 169 ಅಂತ ನಂಬರ್ ಇರುತ್ತದೆ. ಅದು ಹ್ಯಾಂಗರ್‌ನ, ಅಂದರೆ ಆಕ್ಸಲ್ ಹಿಡಿದಿರುವ ಅಡ್ಡ ತುಂಡಿನ, ಅಗಲ, ಮಿಲಿಮೀಟರಿನಲ್ಲಿ. ಡೆಕ್‌ಗೆ ಹೊಂದಿಸಬೇಕಾದದ್ದು ಆಕ್ಸಲ್‌ನ ಅಗಲ. 139ರ ಆಕ್ಸಲ್ 8 ಇಂಚು, 169ರದ್ದು 9.125 ಇಂಚು. ಈಗಿನ ಬೋರ್ಡ್‌ಗಳಲ್ಲಿ ಆಕ್ಸಲ್ ಮತ್ತು ಡೆಕ್ ಹೆಚ್ಚುಕಡಿಮೆ ಒಂದೇ ಅಗಲ ಇರಬೇಕು, ಕಾಲು ಇಂಚು ಆಚೀಚೆ. 10 ಇಂಚಿನ ಹಳೇ ಆಕಾರಕ್ಕೆ 169 ಸ್ವಲ್ಪ ಒಳಗೆ ಕೂರುತ್ತದೆ. ನನಗೆ ಅದೇ ಇಷ್ಟ. ಕಾಲು ಅಂಚಿಗೆ ಬಂದಾಗ ಬೋರ್ಡ್ ಬೇಗ ವಾಲುತ್ತದೆ. ಪೂರ್ತಿ ಅಂಚಿನವರೆಗೆ ಬೇಕು ಅನ್ನುವವರಿಗೆ 215 ಇದೆ, ಅದರ ಆಕ್ಸಲ್ 10 ಇಂಚು.

ಇದಕ್ಕಿಂತ ಮುಖ್ಯವಾದದ್ದು ಬೋಲ್ಟ್‌ನ ತೂತು. ಹಳೇ ಡೆಕ್‌ಗಳಲ್ಲಿ ನಾಲ್ಕು ತೂತುಗಳ ಆಯತ ಉದ್ದಕ್ಕೆ 2.5 ಇಂಚು, ಅಡ್ಡಕ್ಕೆ 1.625 ಇಂಚು. ತೊಂಬತ್ತರ ದಶಕದ ಶುರುವಿನಲ್ಲಿ ಉದ್ದ 2.125 ಇಂಚಿಗೆ ಇಳಿಯಿತು. ಅಡ್ಡ ಹಾಗೇ ಉಳಿಯಿತು. ನನ್ನ ಡೆಕ್ ಹಳೇ ತೂತಿನದು. ಹೊಸ ತೂತು ಮಾತ್ರ ಇರುವ ಟ್ರಕ್ ಎಷ್ಟೇ ಒಳ್ಳೆಯದಾದರೂ ಅದರ ಮೇಲೆ ಕೂರೋದಿಲ್ಲ. ಟ್ರಕ್‌ನ ಬೇಸ್‌ಪ್ಲೇಟ್‌ನಲ್ಲಿ, ಅಂದರೆ ಡೆಕ್‌ಗೆ ತಾಗಿ ಕೂರುವ ತಟ್ಟೆಯಲ್ಲಿ, ಆರು ತೂತು ಇದ್ದರೆ ಎರಡಕ್ಕೂ ಆಗುತ್ತದೆ. ಗೆಳೆಯನಿಗೆ ಮೊದಲು ಹೇಳಿದ್ದು ಅದನ್ನೇ, ಬೇಸ್‌ಪ್ಲೇಟ್ ಮೇಲೆ ಸ್ಕೇಲ್ ಇಟ್ಟು ಫೋಟೋ ಕಳಿಸು ಅಂತ. ಆರು ತೂತು ಇದ್ದವು. ಮಾತು ಮುಗಿಯಿತು. ದುಡ್ಡು ಇಲ್ಲ, ಟ್ರಕ್ ಮತ್ತು ವೀಲ್ ಕೊಟ್ಟು ಟ್ರಕ್ ತಗೊಂಡೆ. ನಮ್ಮದು ರೈಲು ಇಲ್ಲದ ಜಿಲ್ಲೆ. ಪಾರ್ಸಲ್ ಬಂದದ್ದು ಬಸ್ಸಿನಲ್ಲಿ.

ಹಳೇ ಟ್ರಕ್ ಕೈಗೆ ಬಂದ ಕೂಡಲೇ ನಾನು ನೋಡುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹೊಸದು ಕೊಳ್ಳುವಾಗ ಇದ್ಯಾವುದೂ ಬೇಡ. ಬದಲಾಯಿಸಿಕೊಳ್ಳುವಾಗ ಎಲ್ಲಾ ಬೇಕು.

ಮೊದಲು ಆಕ್ಸಲ್. ಒಂದು ವೀಲ್ ಹಾಕಿ ತಿರುಗಿಸಿ, ಬದಿಯಿಂದ ಕಣ್ಣಿಟ್ಟು ನೋಡಬೇಕು. ಆಕ್ಸಲ್ ಬಗ್ಗಿದ್ದರೆ ವೀಲ್ ನೆಟ್ಟಗೆ ನಿಲ್ಲದೆ ಒಂದು ಕಡೆಗೆ ವಾಲಿರುತ್ತದೆ. ಆಮೇಲೆ ಆಕ್ಸಲ್‌ನ ತುದಿಗೆ ಮರದ ತುಂಡಿಟ್ಟು ಮೆಲ್ಲಗೆ ಹೊಡೆಯಬೇಕು. ಆಚೆಗೆ ಸರಿದರೆ ಹ್ಯಾಂಗರ್ ಒಳಗೆ ಹಿಡಿತ ಹೋಗಿದೆ ಅಂತ ಅರ್ಥ. ಅಂಥದ್ದನ್ನು ನಾನು ತಗೊಳ್ಳೋದಿಲ್ಲ. ಬೇಸ್‌ಪ್ಲೇಟ್‌ನ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು ಹುಡುಕಬೇಕು. ಮೊದಲು ಸೀಮೆಎಣ್ಣೆಯಲ್ಲಿ ಒರೆಸಿದರೆ ಕೊಳೆ ಹೋಗಿ ಬಿರುಕು ಎದ್ದು ಕಾಣುತ್ತದೆ. ಗ್ರೈಂಡ್ ಮಾಡಿ, ಅಂದರೆ ಗಟ್ಟಿ ಅಂಚಿನ ಮೇಲೆ ಉಜ್ಜಿ ಜಾರಿ, ಹ್ಯಾಂಗರ್ ಸವೆದಿದ್ದರೆ ಅಡ್ಡಿಯಿಲ್ಲ, ಆಕ್ಸಲ್ ಹೊರಗೆ ಕಾಣುವಷ್ಟು ಸವೆದಿರಬಾರದು ಅಷ್ಟೇ. ವಾಲುವಾಗ ಒತ್ತಿಕೊಳ್ಳುವ ಬುಶಿಂಗ್ ಮತ್ತು ಹ್ಯಾಂಗರ್‌ನ ತುದಿ ಕೂರುವ ಪಿವಟ್ ಕಪ್ ಹೇಗೂ ಬದಲಾಯಿಸಬೇಕು. ಅವು ರಬ್ಬರಿನಂಥ ವಸ್ತು, ವರ್ಷ ಕಳೆದಂತೆ ಒಡೆಯುತ್ತವೆ. ಅವುಗಳ ಸ್ಥಿತಿ ನೋಡಿ ಟ್ರಕ್ ಬೇಡ ಅನ್ನುವುದು ಸರಿಯಲ್ಲ.

ಬಂದ ಜೊತೆಯಲ್ಲಿ ಎಲ್ಲಾ ಸರಿ ಇತ್ತು. ಒಂದು ಆಕ್ಸಲ್‌ನ ತುದಿಯಲ್ಲಿ ಮಾತ್ರ ಥ್ರೆಡ್ ಹಾಳಾಗಿತ್ತು. ಅದನ್ನು ಜೀಪ್ ಗ್ಯಾರೇಜಿಗೆ ಒಯ್ದೆ.

ಜೀಪ್ ಗ್ಯಾರೇಜೇ ಯಾಕೆ ಅಂದರೆ, ಸ್ಕೇಟ್‌ಬೋರ್ಡಿನ ನಟ್‌ಗಳು ಹೆಚ್ಚಾಗಿ ಇಂಚಿನ ಲೆಕ್ಕದವು. ಆಕ್ಸಲ್ ನಟ್‌ಗೆ ಅರ್ಧ ಇಂಚು ಸ್ಪ್ಯಾನರ್, ಟ್ರಕ್ ನಡುವಿನ ದೊಡ್ಡ ಬೋಲ್ಟ್ ಕಿಂಗ್‌ಪಿನ್, ಅದರ ನಟ್‌ಗೆ 9/16. ಅರ್ಧ ಇಂಚಿಗೆ 13ರ ಸ್ಪ್ಯಾನರ್ ಹೇಗೋ ನಡೆಯುತ್ತದೆ. 9/16 ಅಂದರೆ 14.3 ಮಿ.ಮೀ. ಅದಕ್ಕೆ 14 ಹೋಗೋದಿಲ್ಲ, 15 ಸಡಿಲವಾಗಿ ನಟ್‌ನ ಮೂಲೆ ತಿನ್ನುತ್ತದೆ. ಬೈಕ್ ಮೆಕ್ಯಾನಿಕ್‌ಗಳ ಹತ್ತಿರ ಇಂಚಿನ ಸೆಟ್ ಇರುವುದು ಕಮ್ಮಿ. ಹಳೇ ಜೀಪುಗಳು ಇನ್ನೂ ತೋಟದಲ್ಲಿ ದುಡಿಯುತ್ತಿರುವ ಊರು ನಮ್ಮದು, ಹಾಗಾಗಿ ಜೀಪಿನವರಲ್ಲಿ ಇದ್ದೇ ಇರುತ್ತದೆ.

“ಅಣ್ಣಾ, ಐದು ಬೈ ಹದಿನಾರರ ಡೈ ಇದೆಯಾ? ಸಣ್ಣ ಥ್ರೆಡ್ಡಿಂದು, ಇಂಚಿಗೆ ಇಪ್ಪತ್ನಾಲ್ಕು.”

“ಇದೆ. ಆದ್ರೆ ಇದೇನಪ್ಪಾ, ಇಷ್ಟು ಸಣ್ಣ ಆಕ್ಸಲ್?”

ಬೋರ್ಡ್ ತೋರಿಸಿದೆ. ಅವರು ಕಿಂಗ್‌ಪಿನ್ ಬಿಚ್ಚಿ, ಬುಶಿಂಗ್ ಒತ್ತಿ ನೋಡಿ, ವಾಲಿದರೆ ಯಾಕೆ ತಿರುಗುತ್ತದೆ ಅನ್ನೋದನ್ನ ತಾವೇ ಕಂಡುಹಿಡಿದರು. ನಾನು ವಿವರಿಸಬೇಕಾಗಲಿಲ್ಲ. ಥ್ರೆಡ್ ಹೊಸದರ ಹಾಗಾಯಿತು.

ನವೆಂಬರ್

ಬೇರಿಂಗ್ ವಿಷಯದಲ್ಲಿ ದೂರದಿಂದ ತರಿಸುವ ಅಗತ್ಯವೇ ಇಲ್ಲ. ಸ್ಕೇಟ್‌ಬೋರ್ಡಿಗೆ ಬೇಕಾದದ್ದು 608 ಬೇರಿಂಗ್. ಒಳಗೆ 8 ಮಿ.ಮೀ., ಹೊರಗೆ 22, ದಪ್ಪ 7. ಮೋಟರ್ ರೀವೈಂಡಿಂಗ್ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಎಬೆಕ್ ಅಂಕಿ, ಅಂದರೆ ಬೇರಿಂಗ್‌ನ ನಿಖರತೆಯ ದರ್ಜೆ, ಜಾಸ್ತಿ ಇದ್ದರೆ ಬೋರ್ಡ್ ಜೋರಾಗಿ ಓಡುತ್ತದೆ ಅನ್ನೋ ನಂಬಿಕೆ ಇದೆ. ಲೆಕ್ಕ ಹಾಕಿ ನೋಡಿ. 60 ಮಿ.ಮೀ. ವೀಲ್ ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುಗುವುದು ನಿಮಿಷಕ್ಕೆ ಸುಮಾರು 1,800 ಸುತ್ತು. ಮಿಕ್ಸಿಯ ಮೋಟರ್ ಅದರ ಹಲವು ಪಟ್ಟು ತಿರುಗುತ್ತದೆ. ಇಷ್ಟು ಕಮ್ಮಿ ಸುತ್ತಿಗೆ ಆ ಅಂಕಿ ಮುಖ್ಯವಲ್ಲ. ನಮಗೆ ಮುಖ್ಯವಾದದ್ದು ಧೂಳು, ತೇವ ಒಳಗೆ ಹೋಗದಿರುವುದು. ಹಾಗಾಗಿ ಲೋಹದ ಮುಚ್ಚಳದ ಝಡ್‌ಝಡ್ ಬಿಟ್ಟು ರಬ್ಬರ್ ಸೀಲ್‌ನ 2ಆರ್‌ಎಸ್ ತಗೊಂಡೆ. ಕೈಯಲ್ಲಿ ತಿರುಗಿಸಿದಾಗ ಸ್ವಲ್ಪ ಬಿಗಿ ಅನ್ನಿಸುತ್ತದೆ. ಮೇಲೆ ನಿಂತರೆ ವ್ಯತ್ಯಾಸ ಗೊತ್ತಾಗೋದಿಲ್ಲ.

ಎರಡು ಬೇರಿಂಗ್ ನಡುವೆ 10 ಮಿ.ಮೀ. ಸ್ಪೇಸರ್ ಇರಲೇಬೇಕು. ಇಲ್ಲದಿದ್ದರೆ ನಟ್ ಬಿಗಿ ಮಾಡಿದಾಗ ಬೇರಿಂಗ್ ಅಡ್ಡಡ್ಡ ಒತ್ತಡ ತಿನ್ನುತ್ತದೆ. ಕುಶಾಲನಗರದ ಲೇತ್ ಅಂಗಡಿಯಲ್ಲಿ ಕಡಿಸಿಕೊಂಡೆ.

ಕ್ರೂಸರ್‌ಗೆ ಕಾಲು ಇಂಚಿನ ರೈಸರ್. ತರಕಾರಿ ಹೆಚ್ಚುವ ದಪ್ಪ ಪ್ಲಾಸ್ಟಿಕ್ ಮಣೆಯನ್ನು ಹ್ಯಾಕ್ಸಾದಲ್ಲಿ ಕತ್ತರಿಸಿ, ಬೇಸ್‌ಪ್ಲೇಟನ್ನೇ ಅಚ್ಚಾಗಿ ಇಟ್ಟು ತೂತು ಕೊರೆದೆ. ಬೋಲ್ಟ್ ಒಂದೂವರೆ ಇಂಚಿನದು. ವೀಲ್ ಡೆಕ್‌ಗೆ ತಾಗುತ್ತದೋ ಇಲ್ಲವೋ ನೋಡಲು ವೀಲ್‌ಗೆ ಸೀಮೆಸುಣ್ಣ ಬಳಿದು, ಬೋರ್ಡ್ ಮೇಲೆ ನಿಂತು, ಎರಡೂ ಕಡೆ ಪೂರ್ತಿ ವಾಲಬೇಕು. ಡೆಕ್ ಕೆಳಗೆ ಗುರುತು ಬೀಳಲಿಲ್ಲ. ಅಕ್ಕನ ಮಗಳು ಹಗುರ. ಅದಕ್ಕೆ ಬುಶಿಂಗ್ 80ಎ ಹಾಕಿದೆ, ನನ್ನದಕ್ಕೆ 90ಎ. ಅವಳ ಬೋರ್ಡ್ ಈಗ ಪೂರ್ತಿ ತಯಾರು. ಹೆಲ್ಮೆಟ್ ಜೊತೆಗೇ ಕೊಟ್ಟೆ. ಬಡಾವಣೆ ಬಿಟ್ಟು ಮೈಸೂರು ರಸ್ತೆಗೆ ಇಳಿಯಬಾರದು ಅಂತ ಅವಳ ಹತ್ತಿರ ಮಾತು ತಗೊಂಡಿದ್ದೇನೆ. ಮಡಿಕೇರಿಯ ಇಳಿಜಾರುಗಳ ಬಗ್ಗೆಯೂ ನನ್ನ ಮಾತು ಅದೇ. ಬಸ್ಸು, ಟಿಂಬರ್ ಲಾರಿ ತಿರುವಿನಲ್ಲಿ ಎದುರಾಗುವ ರಸ್ತೆ ಸ್ಕೇಟ್‌ಬೋರ್ಡಿನದ್ದಲ್ಲ.

ಏಪ್ರಿಲ್

ಪುತ್ತರಿ ಹಬ್ಬ, ಕೊಯ್ಲು, ಮೆಣಸು ಎಲ್ಲಾ ಮುಗಿದು ಕಣ ಮತ್ತೆ ಖಾಲಿ. ಕಾಫಿ ಹೂ ಅರಳಿಸುವ ಹೂಮಳೆಯೂ ಚೆನ್ನಾಗಿ ಆಯಿತು. ದೊಡ್ಡ ಬೋರ್ಡ್ ಈಗ ಓಡುತ್ತಿದೆ. 90ಎ ವೀಲ್ ಕಣದ ವಾಟದಲ್ಲಿ ಹೇಗೆ ಜಾರಬೇಕು ಅಂತ ನಾನು ಅಂದುಕೊಂಡಿದ್ದೆನೋ ಹಾಗೇ ಜಾರುತ್ತದೆ. ಕಣದ ಜಾಯಿಂಟ್‌ಗಳಲ್ಲಿ ಸಣ್ಣ ಸದ್ದು ಬಿಟ್ಟರೆ ತಡೆ ಇಲ್ಲ. ಡೆಕ್ ಕೆಳಗೆ ಪ್ಲಾಸ್ಟಿಕ್ ರೇಲ್, ಅಂದರೆ ಉದ್ದನೆ ಪಟ್ಟಿ, ಎರಡು ಹಾಕಿದ್ದೇನೆ, ಹಿಡಿದು ಎತ್ತಲು ಒಳ್ಳೆ ಹಿಡಿತ. ಟೇಲ್ ಗಾರ್ಡ್ ಇನ್ನೂ ಇಲ್ಲ. ಸಿಮೆಂಟಿಗೆ ಉಜ್ಜಿ ಟೇಲ್ ತೆಳುವಾಗುವ ಮುಂಚೆ ಅದು ಬೇಕು.

ಜೂನ್ ಬರುವ ಮೊದಲು ಮರದ ಕೆಲಸ ಒಂದಿದೆ. ಡೆಕ್ ಅಂದರೆ ಮೇಪಲ್‌ನ ಏಳು ಪದರ ಅಂಟಿಸಿದ್ದು. ನಮ್ಮ ಕಕ್ಕಡ ಮಾಸದ (ಜುಲೈ-ಆಗಸ್ಟ್) ತೇವ ಅಂಚಿನಿಂದ, ಬೋಲ್ಟ್ ತೂತಿನಿಂದ ಒಳಗೆ ಹೋಗುತ್ತದೆ. ಎರಡೂ ಕಡೆ ವಾರ್ನಿಶ್ ಹಚ್ಚಿ, ಮಳೆಗಾಲ ಪೂರ್ತಿ ಸಣ್ಣ ಬಲ್ಬ್ ಉರಿಯುವ ಬಟ್ಟೆ ಬೀರುವಿನಲ್ಲಿ ನಿಲ್ಲಿಸಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ, ಬಿಸಿಗೆ ಡೆಕ್ ಸೊಟ್ಟಗಾಗುತ್ತದೆ. ಹಳೇ ಡೆಕ್ ಬದಲಾಯಿಸಿಕೊಳ್ಳುವಾಗಲೂ ಬೆರಳಿನ ಗೆಣ್ಣಿನಲ್ಲಿ ತಟ್ಟಿ ಕೇಳಿ. ಒಣಗಿದ್ದರೆ ಟಣ್ ಅನ್ನುತ್ತದೆ. ಪದರ ಬಿಟ್ಟಿದ್ದರೆ, ನೀರು ಕುಡಿದಿದ್ದರೆ ದನಿ ಮೊದ್ದಾಗಿರುತ್ತದೆ.

ಈಗ ನನ್ನ ಹತ್ತಿರ ಕೊಡಲು ಇರುವುದು: ಹಳೇ ತೂತಿನ ಬೇಸ್‌ಪ್ಲೇಟ್ ಎರಡು, ಬಿರುಕಿಲ್ಲದವು. 54 ಮಿ.ಮೀ., 101ಎ ವೀಲ್ ಒಂದು ಸೆಟ್, ಸ್ವಲ್ಪ ಮಾತ್ರ ಸವೆದದ್ದು. ಬೇಕಾಗಿರುವುದು: 10 ಇಂಚಿನ ಡೆಕ್‌ಗೆ ಹೊಂದುವ ಟೇಲ್ ಗಾರ್ಡ್, ಮತ್ತು ಅಕ್ಕನ ಮಗಳ ಗೆಳತಿಗೆ 8.25 ಅಥವಾ 8.5 ಇಂಚು ಆಕ್ಸಲ್‌ನ ಟ್ರಕ್ ಒಂದು ಜೊತೆ. ಮೈಸೂರು, ಹಾಸನ, ಮಂಗಳೂರು ಕಡೆಯವರಾದರೆ ಬಸ್ಸಿನಲ್ಲಿ ಕಳಿಸಬಹುದು. ಬೇಸ್‌ಪ್ಲೇಟ್‌ನ ಫೋಟೋ ಮಾತ್ರ ಸ್ಕೇಲ್ ಇಟ್ಟೇ ತೆಗೆಯಿರಿ.