‘ನೆಟ್ ಸ್ಲೋ’ ಎಂಬ ದೂರಿನ ಹಿಂದೆ ಏನಿರುತ್ತದೆ

ಮಂಗಳೂರಿನ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಲ್ಯಾಬ್‌ಗಳನ್ನೂ ವೈಫೈ ವ್ಯವಸ್ಥೆಯನ್ನೂ ನೋಡಿಕೊಳ್ಳುವುದು ನನ್ನ ಉದ್ಯೋಗ. ವಿದ್ಯಾರ್ಥಿಗಳಿಂದ ಬರುವ ದೂರುಗಳಲ್ಲಿ ಹೆಚ್ಚಿನವು ‘ಸರ್, ನೆಟ್ ಸ್ಲೋ ಉಂಟು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತವೆ. ಅದು ಮೇಲಿನವರ ಕಿವಿಗೆ ಬಿದ್ದ ಕೂಡಲೇ ಇನ್ನಷ್ಟು ವೇಗದ ಸಂಪರ್ಕ ಪಡೆಯುವ ಪ್ರಸ್ತಾವ ಸಿದ್ಧವಾಗುವುದು ವಾಡಿಕೆ. ಆದರೆ ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತು, ಅವನ ಕೆಲಸ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ನೋಡದೆ ಮಾಡಿದ ಖರ್ಚು ಬಹುತೇಕ ಅವನಿಗೆ ತಲುಪುವುದೇ ಇಲ್ಲ ಎಂಬುದನ್ನು ಈ ಕೆಲಸವೇ ನನಗೆ ಕಲಿಸಿದೆ.

ನಮ್ಮಲ್ಲಿ ಬೆಳಿಗ್ಗೆ ಬಸ್ಸುಗಳು ಬಂದು ನಿಂತ ಅರ್ಧ ಗಂಟೆಯೊಳಗೆ ದೂರುಗಳು ಆರಂಭವಾಗುತ್ತಿದ್ದವು. ಆ ಹೊತ್ತಿನಲ್ಲಿ ಮುಖ್ಯ ಸಂಪರ್ಕದ ಬಳಕೆಯನ್ನು ಪರದೆಯ ಮೇಲೆ ನೋಡಿದರೆ ಅರ್ಧದಷ್ಟೂ ಇರುತ್ತಿರಲಿಲ್ಲ. ಒಬ್ಬ ವಿದ್ಯಾರ್ಥಿನಿಯ ಮೊಬೈಲನ್ನು ಕೈಗೆ ತೆಗೆದುಕೊಂಡು ನೋಡಿದಾಗ ಅದು ಐಪಿ ವಿಳಾಸಕ್ಕಾಗಿ, ಅಂದರೆ ಜಾಲದಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಸಂಖ್ಯೆಗಾಗಿ, ಕಾಯುತ್ತ ನಿಂತಿತ್ತು. ವೇಗದ ಪ್ರಶ್ನೆ ಬರುವುದಕ್ಕೆ ಮೊದಲೇ ಅದಕ್ಕೆ ಜಾಲದ ಒಳಗೆ ಪ್ರವೇಶವೇ ಸಿಕ್ಕಿರಲಿಲ್ಲ. ಜಾಲವನ್ನು ಭಾಗ ಮಾಡಿ ಸಾಮಾನ್ಯವಾಗಿ ರೂಪಿಸುವ ಒಂದು ಸಬ್‌ನೆಟ್‌ನಲ್ಲಿ ಸಾಧನಗಳಿಗೆ ಹಂಚಬಹುದಾದ ವಿಳಾಸಗಳು 254 ಮಾತ್ರ. ವಿಳಾಸ ಹಂಚುವ ವಿಂಡೋಸ್ ಸರ್ವರ್‌ನಲ್ಲಿ ಒಮ್ಮೆ ಕೊಟ್ಟ ವಿಳಾಸದ ಅವಧಿ, ನಾವಾಗಿ ಬದಲಿಸದ ಹೊರತು, 8 ದಿನ. ಹಾಗಾಗಿ ಕಾರಿಡಾರಿನಲ್ಲಿ ಐದು ನಿಮಿಷ ನಡೆದುಹೋದವರ ಫೋನು, ವಿಚಾರ ಸಂಕಿರಣಕ್ಕೆ ಬಂದು ಊರಿಗೆ ಮರಳಿದ ಅತಿಥಿಗಳ ಲ್ಯಾಪ್‌ಟಾಪು, ಎಲ್ಲವೂ ವಾರವಿಡೀ ಒಂದೊಂದು ವಿಳಾಸವನ್ನು ಹಿಡಿದಿಟ್ಟುಕೊಂಡಿದ್ದವು. ರಜೆ ಮುಗಿದ ಮೊದಲ ದಿನಗಳಲ್ಲಿ ದೂರು ಕಡಿಮೆ, ವಾರ ಕಳೆದಂತೆ ಹೆಚ್ಚು ಎಂಬ ವಿಚಿತ್ರ ಕ್ರಮಕ್ಕೂ ಇದೇ ಕಾರಣವಾಗಿತ್ತು. ವೈಫೈಗೆ ಮೀಸಲಾದ ವಿಳಾಸಗಳನ್ನು 1,022ಕ್ಕೆ ಹಿಗ್ಗಿಸಿ, ಅವಧಿಯನ್ನು ಎರಡು ಗಂಟೆಗೆ ಇಳಿಸಿದೆವು. ಇದಕ್ಕೆ ಹಣ ಖರ್ಚಾಗಲಿಲ್ಲ, ಟೆಂಡರೂ ಬೇಕಾಗಲಿಲ್ಲ. ಬೆಳಗಿನ ದೂರುಗಳು ಗಣನೀಯವಾಗಿ ಇಳಿದವು. ಉಳಿದವುಗಳಲ್ಲಿ ಹಲವು, ಒಂದೇ ಕಟ್ಟಡದಲ್ಲಿ ವೈಫೈ ಸಂಕೇತ ಬಿತ್ತರಿಸುವ ಅಕ್ಕಪಕ್ಕದ ಆಕ್ಸೆಸ್ ಪಾಯಿಂಟ್‌ಗಳು ಒಂದೇ ಚಾನೆಲ್‌ನಲ್ಲಿ (ಒಂದೇ ರೇಡಿಯೊ ಆವರ್ತನದಲ್ಲಿ) ಮಾತನಾಡುತ್ತಿದ್ದುದರಿಂದ ಬಂದವು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದಕ್ಕೊಂದು ಅಡ್ಡಬರದ ಚಾನೆಲ್‌ಗಳಾಗಿ ಸಾಮಾನ್ಯವಾಗಿ ಬಳಸುವುದು 1, 6 ಮತ್ತು 11 ಈ ಮೂರನ್ನೇ.

ಲ್ಯಾಬಿನ ವಿಚಾರ ಇದಕ್ಕಿಂತ ಸೂಕ್ಷ್ಮವಾದದ್ದು. ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇರುವಾಗ ಲ್ಯಾಬ್ ಯಾಕೆ ಎಂದು ಸಭೆಗಳಲ್ಲಿ ಕೇಳುವವರಿದ್ದಾರೆ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವ ದಿನಗಳಲ್ಲಿ ಅವರು ಒಮ್ಮೆ ಲ್ಯಾಬಿಗೆ ಬಂದು ನೋಡಬೇಕೆಂದು ನನ್ನ ಪ್ರಾಮಾಣಿಕ ಆಗ್ರಹ. ಸುಳ್ಯದ ಕಡೆಯಿಂದ ಬರುವ ಒಬ್ಬ ಹುಡುಗನ ಆಧಾರ್‌ಗೆ ಜೋಡಿಸಿದ್ದು ತಂದೆಯ ಮೊಬೈಲ್ ಸಂಖ್ಯೆ. ಇಲ್ಲಿ ಅವನು ಗುಂಡಿ ಒತ್ತಿದಾಗ ಒಟಿಪಿ ಅಲ್ಲಿಗೆ ಹೋಗುತ್ತದೆ. ತಂದೆ ತೋಟದಿಂದ ಸಿಗ್ನಲ್ ಸಿಗುವ ಗುಡ್ಡೆಗೆ ಹತ್ತಿ ಬಂದು ಅಂಕೆಗಳನ್ನು ಓದಿ ಹೇಳುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಮತ್ತೆ ಮೊದಲಿನಿಂದ ಆರಂಭ. ಇಂಥ ಅರ್ಜಿಗೆ ಬೇಕಾಗುವುದು ವೇಗವಲ್ಲ. ನಿರಾತಂಕವಾಗಿ ಕುಳಿತುಕೊಳ್ಳಲು ಒಂದು ಕುರ್ಚಿ, ಸ್ಕ್ಯಾನರ್, ಮಾಡುತ್ತಿರುವುದನ್ನು ಬಲ್ಲ ಒಬ್ಬರು ಸಿಬ್ಬಂದಿ ಮತ್ತು ಸಾಕಷ್ಟು ಸಮಯ. ನಮ್ಮ ಲ್ಯಾಬ್ ತರಗತಿಗಳ ವೇಳಾಪಟ್ಟಿಯಂತೆ ನಡೆಯುತ್ತಿದ್ದುದರಿಂದ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಬೀಗ ಬೀಳುತ್ತಿತ್ತು. ಸಂಜೆ ಬಾಗಿಲು ತೆರೆದಿಟ್ಟರೂ ಹಾಸ್ಟೆಲಿನವರಿಗೆ ಮಾತ್ರ ಪ್ರಯೋಜನ, ಏಕೆಂದರೆ ದೂರದ ಊರಿನವರು ಬಸ್ಸು ತಪ್ಪಿಸಿಕೊಳ್ಳುವಂತಿಲ್ಲ. ಸಿಬ್ಬಂದಿಯ ಊಟದ ಸರದಿಯನ್ನು ಹಂಚಿಕೊಂಡು ಮಧ್ಯಾಹ್ನವೂ ಲ್ಯಾಬ್ ತೆರೆದಿರುವಂತೆ ಮಾಡಿದ್ದು, ನನ್ನ ಅಭಿಪ್ರಾಯದಲ್ಲಿ, ಹೊಸ ಯಂತ್ರಗಳನ್ನು ತಂದುದಕ್ಕಿಂತ ದೊಡ್ಡ ಕೆಲಸ. ಅದನ್ನು ಒಪ್ಪಿಕೊಂಡು ನಡೆಸಿದ ನನ್ನ ಸಹೋದ್ಯೋಗಿಗಳ ಬಗ್ಗೆ ನನಗೆ ಗೌರವವಿದೆ.

ಕರಾವಳಿಯ ಹವೆಯನ್ನು ಮರೆತು ಇಲ್ಲಿ ಯಾವ ಜಾಲವನ್ನೂ ನಡೆಸಲು ಸಾಧ್ಯವಿಲ್ಲ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲೂ ಅಕ್ಟೋಬರಿನ ಸಂಜೆಗಳಲ್ಲೂ ಬರುವ ಸಿಡಿಲು, ಕಟ್ಟಡದಿಂದ ಕಟ್ಟಡಕ್ಕೆ ಎಳೆದ ತಾಮ್ರದ ಕೇಬಲ್ ಹಿಡಿದು ಬಂದು ಜಾಲದ ಸಾಧನಗಳನ್ನು ಜೋಡಿಸುವ ಸ್ವಿಚ್ಚುಗಳನ್ನು ಸುಟ್ಟುಬಿಡುತ್ತದೆ. ಗಾಜಿನ ಎಳೆಯ ಫೈಬರ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲವಾದ್ದರಿಂದ ಕಟ್ಟಡಗಳ ನಡುವೆ ಅದನ್ನೇ ಹಾಕಬೇಕು, ಲೋಹದ ಕವಚವಿಲ್ಲದ್ದನ್ನೇ ಆರಿಸಬೇಕು, ಅರ್ಥಿಂಗನ್ನು ಮಳೆಗೆ ಮೊದಲೇ ಅಳೆದು ನೋಡಬೇಕು.

ಇನ್ನೊಂದು ಸಂಗತಿಯನ್ನು ಸಂಶೋಧನಾ ವಿದ್ಯಾರ್ಥಿಗಳ ಪರವಾಗಿ ಹೇಳಬೇಕು. ಕೇಂದ್ರ ಸರ್ಕಾರದ ‘ಒಂದು ದೇಶ ಒಂದು ಚಂದಾ’ ಯೋಜನೆಗೆ 2024ರ ನವೆಂಬರಿನಲ್ಲಿ ಅನುಮೋದನೆ ದೊರೆತು, 2025ರ ಜನವರಿಯಿಂದ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ಸಂಶೋಧನಾ ನಿಯತಕಾಲಿಕೆಗಳು ದೊರೆಯುವಂತಾಗಿವೆ. ಇಂಥ ಚಂದಾಗಳಲ್ಲಿ ಓದುಗ ನಮ್ಮವನು ಎಂದು ಪ್ರಕಾಶಕರು ಸಾಮಾನ್ಯವಾಗಿ ಗುರುತಿಸುವುದು ಹೊರಗಿನವರಿಗೆ ಕಾಣುವ ಸಂಸ್ಥೆಯ ಐಪಿ ವಿಳಾಸದಿಂದ. ಆವರಣದ ವೈಫೈ ಬಿಟ್ಟು ತಮ್ಮ ಮೊಬೈಲ್ ಡೇಟಾದಲ್ಲಿ ಹುಡುಕಿದವರಿಗೆ ಅದೇ ಲೇಖನ ಹಣ ಕೇಳುತ್ತದೆ. ಅವರು ಅದು ತಮಗೆ ಲಭ್ಯವಿಲ್ಲವೆಂದು ಭಾವಿಸಿ ಬಿಟ್ಟುಬಿಡುತ್ತಾರೆ. ಸಂಪರ್ಕ ಒದಗಿಸುವ ಸಂಸ್ಥೆಯನ್ನು ಬದಲಿಸಿ, ಹೊಸ ವಿಳಾಸವನ್ನು ಗ್ರಂಥಾಲಯಕ್ಕೆ ತಿಳಿಸದೆ ಹೋದರೆ ಇಡೀ ಆವರಣವೇ ಹೊರಗಿನದಾಗುತ್ತದೆ. ಮನೆಯಿಂದ ಓದುವವರಿಗಾಗಿ, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜಾಲದಲ್ಲಿ ಬೆಸೆಯುವ ಇನ್‌ಫ್ಲಿಬ್‌ನೆಟ್ ಕೇಂದ್ರದ ಇನ್‌ಫೆಡ್ ವ್ಯವಸ್ಥೆಯಿದ್ದು, ಸದಸ್ಯ ಸಂಸ್ಥೆಗಳವರು ತಮ್ಮ ಸಂಸ್ಥೆಯ ಖಾತೆಯಿಂದಲೇ ಅದರ ಮೂಲಕ ಒಳಹೋಗಬಹುದು. ಈ ಖಾತೆ ತೆರೆಯುವುದನ್ನೂ ಒಂದು ಲೇಖನ ಇಳಿಸಿಕೊಳ್ಳುವುದನ್ನೂ ಹೊಸಬರಿಗೆ ಪ್ರವೇಶದ ಮೊದಲ ವಾರದಲ್ಲೇ, ಗ್ರಂಥಾಲಯದ ಸಿಬ್ಬಂದಿಯೊಡನೆ ಸೇರಿ, ಲ್ಯಾಬಿನಲ್ಲಿ ಕೂರಿಸಿ ಮಾಡಿಸುತ್ತಿದ್ದೇವೆ.