ಬೀದರಿಗೆ ಬೆಳವ ನೋಡಲು ಹೋಗುವವರಿಗೆ

"ಎಲ್ಲಾ ಬೆಳವಾನೇ ಅದಾವಲ್ರಿ, ಇದನ್ನ ನೋಡಾಕ ಕಲಬುರಗಿಯಿಂದ ಬಂದೀರೇನ್ರಿ?" ಅಂತ ಬೀದರ್ ಪಕ್ಕದ ಅಷ್ಟೂರಿನ ದಾರಿಯಲ್ಲಿ ಆಟೋದವರು ನಕ್ಕರು. ನಗಲಿ ಬಿಡಿ. ಬೆಳವ ಅಂದರೆ ಪಾರಿವಾಳದ ಬಳಗದ ಹಕ್ಕಿ, ಅದರಲ್ಲೂ ಹಲವು ಜಾತಿಗಳಿವೆ. ಒಂದೇ ಕರೆಂಟ್ ತಂತಿ ಮೇಲೆ ಎರಡು ಜಾತಿ ಕೂತಿದ್ದವು, ನಾನೂ ಒಂದೇ ಅಂತ ಬರೆದುಕೊಂಡಿದ್ದೆ.

ಉಂಗುರ ಬೆಳವ ತಿಳಿ ಬೂದು. ಕತ್ತಿನ ಹಿಂದೆ ಕಪ್ಪು ಪಟ್ಟಿ. ಕೆಂಪು ಬೆಳವಕ್ಕೂ ಅದೇ ಪಟ್ಟಿ ಇದೆ. ಅದರ ಗಂಡು ಇಟ್ಟಿಗೆ ಬಣ್ಣ, ತಲೆ ಬೂದು, ಸುಲಭವಾಗಿ ಗುರುತು ಸಿಗುತ್ತದೆ. ಹೆಣ್ಣು ಕಂದು. ನನ್ನನ್ನು ಯಾಮಾರಿಸಿದ್ದು ಅವಳೇ! ಉಂಗುರ ಬೆಳವದ ಮರಿ ಅಂದುಕೊಂಡಿದ್ದೆ. ಅಳತೆ ನೋಡಬೇಕಿತ್ತು: ಉಂಗುರದ್ದು ಸುಮಾರು 32 ಸೆಂ.ಮೀ., ಕೆಂಪಿನದು 23ರ ಆಸುಪಾಸು, ಬಾಲವೂ ಮೋಟು.

ಇವೆರಡೂ ಬಯಲಿನವು. ಅದಕ್ಕೆ ಅಷ್ಟೂರಿಗೆ ಬೆಳಕು ಹರಿಯುವಾಗಲೇ ಹೋಗಿ. ಊರಿಂದ ಮೂರ್ನಾಲ್ಕು ಕಿ.ಮೀ. ಅಷ್ಟೇ. ಬಿಸಿಲೇರಿದ ಮೇಲೆ ಬಹಮನಿ ಸುಲ್ತಾನರ ಗುಂಬಜ್‌ಗಳನ್ನು ನೋಡಿ. ಅಹ್ಮದ್ ಷಾ ವಲಿ ಗೋರಿಯ ಒಳಗಿನ ಚಿತ್ತಾರ ಬಿಡಬೇಡಿ.

ಆಮೇಲೆ ಕೋಟೆ. ಅಲ್ಲಿ ಗೋಡೆ, ಕುರುಚಲು, ಜನ ಓಡಾಡುವ ಅಂಗಳ ಎಲ್ಲಾ ಕಡೆ ಕಂದು ಬೆಳವ. ಇದರ ಗುರುತು ಕತ್ತಿನ ಹಿಂದಲ್ಲ, ಮುಂದೆ: ಗಂಟಲ ಕೆಳಗೆ ಕಪ್ಪು ಚುಕ್ಕೆಗಳು. ಮರ ದಟ್ಟವಾಗಿರುವ ಕಡೆ ಚುಕ್ಕೆ ಬೆಳವ ಹುಡುಕಿ. ಹೈದರಾಬಾದ್ ರಸ್ತೆಯ ದೇವ ದೇವ ವನ ಅದಕ್ಕೆ ಸರಿ. ಇದರ ಹಿಂಗತ್ತಿನಲ್ಲಿ ಕರಿ ಬಟ್ಟೆ ಮೇಲೆ ಬಿಳಿ ಚುಕ್ಕೆ ಇಟ್ಟ ಹಾಗಿರುತ್ತದೆ.

ನಾಲ್ಕೂ ನೆಲದ ಮೇಲೆ ಬೀಜ ಹೆಕ್ಕುವ ಹಕ್ಕಿಗಳೇ. ಹಾಗಿದ್ದೂ ಒಂದೇ ಊರಲ್ಲಿ ಹೇಗೆ ಬಾಳುತ್ತವೆ? ಒಂದಕ್ಕೆ ಬಯಲು, ಒಂದಕ್ಕೆ ನೆರಳು, ಒಂದಕ್ಕೆ ಮನೆಯಂಗಳ ಇಷ್ಟ. ಬೇಲಿಯೇನೂ ಇಲ್ಲ. ರಾಶಿ ಮುಗಿದ ಹೊಲದಲ್ಲಿ ಮೂರು ಜಾತಿ ಒಟ್ಟಿಗೆ ಮೇಯುವುದನ್ನೂ ನೋಡಿದೆ. ಉದುರಿದ ಕಾಳು, ಕಳೆಬೀಜ ಬೇಕಾದಷ್ಟಿತ್ತು. ಹಾಗಾಗಿ ಜಾಗ ನೋಡಿಯೇ ಹೆಸರು ಹೇಳಬೇಡಿ, ಕತ್ತು ತಿರುಗಿಸುವವರೆಗೆ ಕಾಯಿರಿ.

ಕಲಬುರಗಿಯಿಂದ 2017ರಲ್ಲಿ ಶುರುವಾದ ರೈಲು ಮಾರ್ಗವಿದೆ, ಹುಮನಾಬಾದ್ ಮೇಲೆ ಬಸ್ಸೂ ಸಿಗುತ್ತದೆ. ಹಿಂದಿನ ರಾತ್ರಿಯೇ ಬೀದರಿನಲ್ಲಿ ಉಳಿಯಿರಿ, ಇಲ್ಲದಿದ್ದರೆ ಮುಂಜಾನೆ ಕೈತಪ್ಪುತ್ತದೆ. ಡಿಸೆಂಬರ್, ಜನವರಿ ಒಳ್ಳೆಯದು, ಸ್ವೆಟರ್ ಬೇಕು. ಆಟೋವನ್ನು ಅರ್ಧ ದಿನಕ್ಕೆ ಮೊದಲೇ ಮಾತಾಡಿಕೊಳ್ಳಿ. ಕಾಯುವ ಹೊತ್ತಿಗೆ ಎಷ್ಟು ಅನ್ನುವುದನ್ನೂ ಸೇರಿಸಿ ಕೇಳಿ. ನಾನು ಕೇಳಿರಲಿಲ್ಲ, ಆ ಹೆಣ್ಣು ಬೆಳವ ಕತ್ತು ತಿರುಗಿಸಲು ಮುಕ್ಕಾಲು ಗಂಟೆ ತಗೊಂಡಿತು.